ಎರಡೂವರೆ ಅಡಿ ಹಳಿ, ಇಪ್ಪತ್ತೆರಡು ಅಡಿ ಕೋಣೆ

1/10
ಹೋದ ವಾರ ಹಾಕಿದ ಇಪ್ಪತ್ತೊಂದು ಸೆಕೆಂಡಿನ ವಿಡಿಯೊ ನೋಡಿ ನೀವೆಲ್ಲ ಸೇರಿ ಮೂರೇ ಮೂರು ಪ್ರಶ್ನೆ ಕೇಳಿದ್ರಿ. "ಎಷ್ಟಕ್ ತಗೊಂಡಿ?" ಅಂತ ಅರ್ಧ ಕ್ಲಾಸು. "ವಂದೇ ಭಾರತ್ ಯಾಕ್ ಮಾಡ್ಲಿಲ್ಲ?" ಅಂತ ಇನ್ನರ್ಧ. ನನ್ನ ಬೆಂಚಿನ ಗೆಳತಿ ಮಾತ್ರ ರಾತ್ರಿ ಹನ್ನೊಂದಕ್ಕ ಫೋನ್ ಮಾಡಿ, "ಇದರಿಂದ ಏನ್ ಆಗ್ತದ ಹೇಳು" ಅಂದಳು.

ಮೊದಲನೇದಕ್ಕೆ ಉತ್ತರ: ತಗೊಂಡಿಲ್ಲ, ಮಾಡೀನಿ. ಜೇವರ್ಗಿ ಕಾಲೋನಿಯ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ, ಎಂಟು ತಿಂಗಳಲ್ಲಿ. ಎರಡನೇದಕ್ಕೆ ಮತ್ತು ಮೂರನೇದಕ್ಕೆ ಒಂದು ಸಾಲಿನಲ್ಲಿ ಉತ್ತರ ಬರಲ್ಲ, ಅದಕ್ಕೇ ಈ ಸರಣಿ. ಮೇ ತಿಂಗಳ ಕೊನೆಗೆ ಆ ಕೋಣೆ ಬಾಡಿಗೆಗೆ ಹೋಗ್ತದ ಅಂತ ಅಪ್ಪ ಹೇಳಿ ಆಗಿದೆ. ಹಂಗಾಗಿ ನಾನು ಸ್ವಲ್ಪ ಜಗಳದ ಮೂಡಲ್ಲೇ ಬರೀತಿದೀನಿ, ಮೊದಲೇ ಹೇಳಿಬಿಡ್ತೀನಿ.

2/10
ಫೋಟೊದಲ್ಲಿ ಕಾಣೋದು ಬಾರ್ಶಿ ಲೈಟ್ ರೈಲ್ವೆಯ ಗಾಡಿ. ಹೆಸರು ಕೇಳಿಲ್ಲ ಅಂದ್ರೆ ನಾಚಿಕೆ ಬೇಡ, ಎರಡು ವರ್ಷದ ಹಿಂದೆ ನನಗೂ ಗೊತ್ತಿರಲಿಲ್ಲ.

ನಮ್ಮ ಸ್ಟೇಷನ್ನಿನಿಂದ ಮುಂಬೈ ಕಡೆಗೆ ಹೋಗೋ ಗಾಡಿ ಹತ್ತಿದ್ರೆ ಸೋಲಾಪುರ ದಾಟಿದ ಮೇಲೆ ಕುರ್ಡುವಾಡಿ ಬರ್ತದ. ಒಂದು ಕಾಲಕ್ಕೆ ಅದಕ್ಕೆ ಬಾರ್ಶಿ ರೋಡ್ ಅಂತ ಹೆಸರು. ಅಲ್ಲಿಂದ ಬಾರ್ಶಿ ಊರಿಗೆ 1897ರಲ್ಲಿ ಒಂದು ಸಣ್ಣ ಗಾಡಿ ಶುರುವಾಯ್ತು. ಹಳಿಯ ನಡುವಿನ ಅಗಲ ಎರಡೂವರೆ ಅಡಿ, ಅಂದ್ರೆ 762 ಮಿ.ಮೀ. ನಮ್ಮ ಮೇನ್‌ಲೈನಿನದು 1,676 ಮಿ.ಮೀ., ಅದರ ಅರ್ಧಕ್ಕಿಂತ ಕಡಿಮೆ. ಈ ಗಾಡಿ 1906ರಲ್ಲಿ ಪಂಢರಪುರ ಮುಟ್ಟಿತು, 1911ರಲ್ಲಿ ಲಾತೂರ್, 1927ರಲ್ಲಿ ಮಿರಜ್. ಒಟ್ಟು 325 ಕಿ.ಮೀ. ಸುಮಾರು. ಇಂಗ್ಲೆಂಡಿನ ಖಾಸಗಿ ಕಂಪನಿಯ ಆಸ್ತಿಯಾಗಿತ್ತು, 1954ರಲ್ಲಿ ಸರ್ಕಾರ ಕೊಂಡಿತು. ಈ ಶತಮಾನದ ಮೊದಲ ಹತ್ತು ವರ್ಷದಲ್ಲಿ ತುಂಡು ತುಂಡಾಗಿ ಬ್ರಾಡ್‌ಗೇಜ್ ಆಗಿಹೋಯ್ತು.

ಈಗ ಲೆಕ್ಕ ಹಾಕ್ರಿ. ನಾವು ಹುಟ್ಟೋ ಹೊತ್ತಿಗೆ ಆ ಹಳಿ ಇನ್ನೂ ಕೀಳ್ತಾ ಇದ್ರು. ಕಲಬುರಗಿ, ಬೀದರ್, ವಿಜಯಪುರ ಕಡೆಯಿಂದ ವಿಠ್ಠಲನ ದರ್ಶನಕ್ಕೆ ಹೋದ ಎಷ್ಟೋ ಮಂದಿ ಆ ಡಬ್ಬಿಯಲ್ಲಿ ಕೂತವರೇ. ನಿಮ್ಮ ಮನೆಯಲ್ಲೂ ಒಬ್ಬರು ಇರಬಹುದು. ಕೇಳಿ ನೋಡ್ರಿ.

3/10
ನಮ್ಮ ಮನೆಯಲ್ಲಿ ಇದ್ದಾರೆ, ಇಬ್ಬರು. ಕಮಲಾಪುರದ ನಮ್ಮ ಮುತ್ಯಾ ಮತ್ತು ಆಯಿ.

ಮುತ್ಯಾನಿಗೆ ಈಗ 78. ಮೊನ್ನೆ ತಿಂದ ಊಟ ನೆನಪಿರಲ್ಲ, ನನ್ನ ಹೆಸರಿನ ಬದಲು ಅತ್ತೆಯ ಹೆಸರು ಕರೀತಾನ. ಆದರೆ ಪಂಢರಪುರದ ಗಾಡಿ ಅಂದ್ರೆ ಕಣ್ಣು ಅರಳ್ತಾವ. ಕುರ್ಡುವಾಡಿಯಲ್ಲಿ ದೊಡ್ಡ ಗಾಡಿ ಇಳಿದು, ಬುತ್ತಿಗಂಟು ಹೆಗಲಿಗೆ ಹಾಕಿಕೊಂಡು, ಸಣ್ಣ ಗಾಡಿಯ ಕಡೆ ಓಡಿದ್ದು. ಅಲ್ಲಿಂದ ಪಂಢರಪುರ ಐವತ್ತು ಕಿ.ಮೀ. ಚಿಲ್ಲರೆ. ಆಷಾಢ ಏಕಾದಶಿಗೆ ಡಬ್ಬಿ ತುಂಬಿ ಮೇಲೆ ಹತ್ತಿದವರನ್ನು ಪೊಲೀಸರು ಬಡಿಗೆ ಹಿಡಿದು ಇಳಿಸಿದ್ದು.

ಎಲ್ಲರ ಮನೆಯಲ್ಲೂ ಇಂಥ ಕಥೆ ಒಂದು ಇರ್ತದ. ಗಾಡಿ ಎಷ್ಟು ಮೆಲ್ಲಗೆ ಹೋಗ್ತಿತ್ತು ಅಂದ್ರೆ ಇಳಿದು ಒಂದಕ್ಕೆ ಹೋಗಿ ಮತ್ತೆ ಹತ್ತಬಹುದಿತ್ತು ಅನ್ನೋ ಜೋಕು ಅಂತೂ ದೇಶದ ಎಲ್ಲಾ ನ್ಯಾರೋಗೇಜ್ ಸಾಲಿಗೂ ಇದೆ. ಕೋಲಾರದ ಕಡೆಯವರು ಬಂಗಾರಪೇಟೆ–ಚಿಕ್ಕಬಳ್ಳಾಪುರ ಗಾಡಿಗೆ ಹೇಳ್ತಾರೆ, ತರೀಕೆರೆಯವರು ನರಸಿಂಹರಾಜಪುರದ ಗಾಡಿಗೆ ಹೇಳ್ತಾರೆ. ಎಷ್ಟು ಸಲ ಹೇಳಿಸಿದ್ರೂ ಅದೇ ಮಾತು, ಅದೇ ನಗು. ಕೇಳಿದವರು ನಗ್ತಾರೆ, ಎದ್ದು ಹೋಗ್ತಾರೆ.

ನಾನು ಡಬ್ಬಿಯ ಬಾಗಿಲು ಕತ್ತರಿಸೋಕೆ ಕೂತ ದಿನ ಮುತ್ಯಾನಿಗೆ ಫೋನ್ ಮಾಡಿ ಕೇಳಿದೆ: "ಬಾಗಿಲ ಒಳಗ ತೆರೀತಿತ್ತೋ ಹೊರಗೋ?"

ಆ ಕಡೆ ಮಾತೇ ಇಲ್ಲ. ಫೋನ್ ಕಟ್ ಆಯ್ತು ಅನ್ಕೊಂಡೆ. ಆಮೇಲೆ ಆಯಿ ಫೋನ್ ಇಸ್ಕೊಂಡು, "ಏನ್ ಕೇಳಿದಿ ಮುತ್ಯಾಗ? ಕಣ್ ಮುಚ್ಕೊಂಡು ಕೈ ಹಿಂಗ್ ಹಿಂಗ್ ಆಡ್ಸ್ಲಿಕತ್ತಾನ" ಅಂದಳು.

ಅವನು ಬಾಗಿಲು ತೆರೀತಿದ್ದ. ಐವತ್ತು ವರ್ಷದ ಹಿಂದಿನ ಬಾಗಿಲು. ಐದು ನಿಮಿಷ ಆದಮೇಲೆ "ಒಳಗ" ಅಂದ. "ಒಳಗ ತೆರೀತಿತ್ತು, ಯಾಕಂದ್ರ ಗಂಟು ಅಡ್ಡ ಬಂದು ನಿನ್ನ ಆಯಿ ಒಳಗೇ ಸಿಕ್ಕೊಂಡಿದ್ಲು." ಈ ಮಾತು ನಮ್ಮ ಮನೆಯಲ್ಲಿ ಯಾರೂ, ಆ ದಿನದ ತನಕ, ಕೇಳಿರಲಿಲ್ಲ.

ನನ್ನ ವಾದ ಇಷ್ಟೇ ನೋಡ್ರಿ. "ಆ ಕಾಲ ಹೆಂಗಿತ್ತು ಮುತ್ಯಾ" ಅಂತ ಕೇಳಿದ್ರೆ ಹಿರಿಯರು ಬಾಯಿಪಾಠದ ಕಥೆ ಹೇಳ್ತಾರೆ. ಬಾಗಿಲು ಎತ್ತ ತೆರೀತಿತ್ತು ಅಂತ ಕೇಳಿದ್ರೆ ಅವರು ನಿಜವಾಗಿ ಅಲ್ಲಿಗೆ ಹೋಗಿ ನೋಡಿ ಬರಬೇಕಾಗ್ತದ. ಮಾಡೆಲ್ ಮಾಡೋಳಿಗೆ ಅಂಥ ಪ್ರಶ್ನೆ ಕೇಳದೆ ವಿಧಿಯೇ ಇಲ್ಲ, ಯಾಕಂದ್ರೆ ಕಟ್ಟರ್ ಕೈಯಲ್ಲಿದೆ, ಸನ್‌ಬೋರ್ಡ್ ಮುಂದಿದೆ, ಕತ್ತರಿಸಲೇಬೇಕು.

4/10
ಆಯಿ ಒಪ್ಪಲಿಲ್ಲ, ಅದೂ ಹೇಳಬೇಕು.

ಸೀಟು ಹೆಂಗಿದ್ವು ಅಂದಾಗ ಮುತ್ಯಾ, "ಗೋಡಿಗುಂಟ ಉದ್ದಕ್ಕ, ಎದುರು ಬದುರು" ಅಂದ. ಆಯಿ, "ಅಡ್ಡ ಇದ್ವು, ನಾ ಕಿಡಕಿಗೆ ಕೂತಿದ್ದೆ" ಅಂದಳು. ಇಬ್ಬರೂ ಮೂರು ದಿನ ಮಾತು ಬಿಟ್ರು ಅಂತ ಕಾಕಾ ಹೇಳಿದ. ಸುಳ್ಳೋ ನಿಜವೋ, ಕಾಕಾ ಸ್ವಲ್ಪ ಉಪ್ಪು ಖಾರ ಹಚ್ಚೋ ಮನುಷ್ಯ. ನಾನು ಎರಡು ಡಬ್ಬಿ ಮಾಡಿಬಿಟ್ಟೆ. ಒಂದರಲ್ಲಿ ಸೀಟು ಉದ್ದಕ್ಕೆ, ಒಂದರಲ್ಲಿ ಅಡ್ಡ. ಎರಡೂ ಗಾಡಿಗೆ ಜೋಡಿಸೀನಿ. ಹೋಗಿದ್ದು ಒಂದೇ ಸಲ ಅಲ್ಲ, ಕೂತದ್ದು ಒಂದೇ ಡಬ್ಬಿ ಅಲ್ಲ, ಇಬ್ಬರದೂ ನಿಜ ಇರಬಹುದು.

5/10
ಈಗ ಅಳತೆ. ಈ ಭಾಗ ಬಿಟ್ಟು ಮುಂದೆ ಹೋಗೋರು ಹೋಗ್ರಿ. ಮೆಕ್ಯಾನಿಕಲ್ಲಿನವರು ಮಾತ್ರ ಹೋಗಬ್ಯಾಡ್ರಿ.

ಅಂಗಡಿಯಲ್ಲಿ ಸಿಗೋ ಬಹಳಷ್ಟು ಮಾಡೆಲ್ ರೈಲು 1:87 ಅಳತೆಯವು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2001ರಲ್ಲಿ ತೆರೆದ ಮಿನಿಯೇಚರ್ ವಂಡರ್‌ಲ್ಯಾಂಡ್ ಇರೋದು ಇದೇ ಅಳತೆಯಲ್ಲಿ. ದೊಡ್ಡದು ಬೇಕು ಅಂದ್ರೆ ಎಲ್‌ಜಿಬಿ ಅಂತ 1968ರಿಂದ ಬರ್ತಿರೋ ಜರ್ಮನ್ ಗಾಡಿ ಇದೆ, 45 ಮಿ.ಮೀ. ಹಳಿ, 1:22.5. ಅದು ಮೀಟರ್‌ಗೇಜಿನ ಲೆಕ್ಕ: 1,000 ಮಿ.ಮೀ.ಯನ್ನು 22.5ರಿಂದ ಭಾಗಿಸಿದ್ರೆ 44 ಚಿಲ್ಲರೆ. ಒಂದು ಸೆಟ್ಟಿನ ಬೆಲೆ ನೋಡಿ ಫೋನ್ ಬದಿಗಿಟ್ಟೆ.

ನಮ್ಮ ಗಾಡಿಗೆ ನಾನು ಆರಿಸಿದ್ದು 1:24. 762ನ್ನು 24ರಿಂದ ಭಾಗಿಸಿದ್ರೆ 31.75, ಹಳಿಯ ನಡುವೆ 32 ಮಿ.ಮೀ. ಇಟ್ರೆ ಕೂದಲೆಳೆಯಷ್ಟೇ ವ್ಯತ್ಯಾಸ. ಡಬ್ಬಿಗೆ ನಾನು ಹಿಡಿದ ಲೆಕ್ಕ 25 ಅಡಿ ಉದ್ದ, 7 ಅಡಿ ಅಗಲ. 24ರಲ್ಲಿ ಒಂದು ಅಂದ್ರೆ ಉದ್ದ 31 ಸೆಂ.ಮೀ. ಮೇಲೆ, ಅಗಲ ಒಂಬತ್ತು ಸೆಂ.ಮೀ.ಗೆ ಚೂರು ಕಡಿಮೆ. ಎರಡು ಕೈಯಲ್ಲಿ ಹಿಡೀಬೇಕಾದ ಗಾತ್ರ. ಆರು ಡಬ್ಬಿ ಸೇರಿದ್ರೆ ಎರಡು ಮೀಟರ್.

ಇಲ್ಲೇ ನನಗೂ ಯೂಟ್ಯೂಬಿನ ಗುರುಗಳಿಗೂ ಭಿನ್ನಾಭಿಪ್ರಾಯ. ಅವರು ಹೇಳೋದು, ಕೋಣೆ ಚಿಕ್ಕದಿದ್ರೆ ಅಳತೆ ಚಿಕ್ಕದು ಮಾಡು, ಆಗ ಬೆಟ್ಟ, ಸುರಂಗ, ಮೂರು ಸ್ಟೇಷನ್ ಎಲ್ಲಾ ಹಿಡಿಸ್ತದ. ನಾನು ಹೇಳೋದು ಉಲ್ಟಾ. ಅಳತೆ ದೊಡ್ಡದೇ ಇರಲಿ, ಊರು ಒಂದೇ ಇರಲಿ. ನಮ್ಮ ಕೋಣೆ ಉದ್ದ 22 ಅಡಿ, 1:24ರಲ್ಲಿ ಅದು ನಿಜದ 160 ಮೀಟರ್ ಮಾತ್ರ. ಒಂದು ಪ್ಲಾಟ್‌ಫಾರ್ಮಿನ ತುದಿ, ಒಂದು ಗೇಟು, ಸ್ವಲ್ಪ ಬಯಲು, ಮುಗೀತು. ಇನ್ನೊಂದು ತುದಿಯಲ್ಲಿ ಅವ್ವನ ಹಳೆ ಇಳಕಲ್ ಸೀರೆಯ ಪರದೆ, ಅದರ ಹಿಂದೆ ಗಾಡಿ ಮಾಯ. ಆದರೆ ಬಾಗಿಲಿಗೆ ಚಿಲಕ ಇದೆ, ಸೀಟಿನ ಪಟ್ಟಿ ಎಣಿಸಬಹುದು, 78 ವರ್ಷದ ಕಣ್ಣಿಗೂ ಕಾಣ್ತದ. 1:87ರಲ್ಲಿ ಅದೇ ಡಬ್ಬಿ ಒಂಬತ್ತು ಸೆಂ.ಮೀ. ಆಗ್ತಿತ್ತು, ಮುತ್ಯಾನಿಗೆ ಕಡ್ಡಿಪೆಟ್ಟಿಗೆ ಕಂಡಂಗ ಕಾಣ್ತಿತ್ತು.

ಪುಣೆಯ ಕೊಥ್ರುಡ್‌ನಲ್ಲಿ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಇದೆ, ಭಾವುಸಾಹೇಬ್ ಜೋಶಿಯವರು ಜೀವಮಾನ ಹಾಕಿ ಕಟ್ಟಿದ್ದು, 1998ರಲ್ಲಿ ತೆರೆದದ್ದು. ಒಂದು ಹಾಲಿನೊಳಗೆ ಇಡೀ ಪುಟ್ಟ ನಗರ. ಪುಣೆಗೆ ಹೋದವರು ನೋಡಲೇಬೇಕು, ನನಗೆ ಹುಚ್ಚು ಹತ್ತಿದ್ದೇ ಅಲ್ಲಿ. ಅಲ್ಲಿ ನಿಂತಾಗ ಬಂದ ಒಂದೇ ಒಂದು ಹೊಟ್ಟೆಕಿಚ್ಚಿನ ಯೋಚನೆ: ಈ ನಗರಕ್ಕೆ ನಮ್ಮ ಕಡೆಯ ಗಾಡಿ ಯಾಕೆ ಬರಲ್ಲ?

6/10
ಹಳಿ ಅಂದ್ರೆ ಅಲ್ಯೂಮಿನಿಯಂ ಪಟ್ಟಿ, ಕಿಟಕಿ ಸೆಕ್ಷನ್ ಅಂಗಡಿಯಲ್ಲಿ ಮಾರುದ್ದ ಸಿಗ್ತದ. ಸ್ಲೀಪರ್ ಅಂದ್ರೆ ಫರ್ನಿಚರ್ ಅಂಗಡಿಯ ಸಾಗವಾನಿ ಚೂರು. ಮೊಳೆ ಅಂದ್ರೆ ಗುಂಡುಪಿನ್ನು. ಹಳಿ ಕೆಳಗಿನ ಖಡಿ ಶಹಾಬಾದ್ ಪರಸಿ ಕೊಯ್ಯೋವಾಗ ಬೀಳೋ ಚೂರು, ಅಡುಗೆಮನೆಯ ಸಾಣಿಗೆಯಲ್ಲಿ ಸೋಸಿದ್ದು (ಅವ್ವನಿಗೆ ಈಗ ಗೊತ್ತಾಗ್ತದ). ಗಾಲಿ ಮಾತ್ರ ಲೇತ್ ಅಂಗಡಿಯಲ್ಲಿ ಮಾಡಿಸಿದ್ದು. ಅಲ್ಲಿನ ಕಾಕಾ ಮೊದಲ ದಿನ "ಅಣ್ಣನ ಪ್ರಾಜೆಕ್ಟಾ ತಂಗಿ?" ಅಂದ್ರು. ನನಗೆ ಅಣ್ಣ ಇಲ್ಲ. ನಾಲ್ಕನೇ ದಿನ ಗಾಲಿಯ ಅಂಚಿಗೆ ಎಷ್ಟು ಇಳಿಜಾರು ಕೊಡಬೇಕು ಅಂತ ನನ್ನನ್ನೇ ಕೇಳಿದ್ರು.

ಕರೆಂಟು ಹಳಿಯಲ್ಲಿ ಹರಿಯಲ್ಲ. ಇಂಜಿನ್ನಿನ ಹೊಟ್ಟೆಯಲ್ಲೇ ಬ್ಯಾಟರಿ, ಎರಡು ಹಳದಿ ಬಿಒ ಮೋಟಾರು, ವೈಫೈ ಬೋರ್ಡು, ಫೋನಿನಿಂದ ಓಡಿಸೋದು. ನಿಮಿಷಕ್ಕೆ 200 ಸುತ್ತು, ಗಾಲಿ 30 ಮಿ.ಮೀ. ಗುಣಿಸಿದ್ರೆ ಸೆಕೆಂಡಿಗೆ 31 ಸೆಂ.ಮೀ. ಅದನ್ನು 24 ಪಟ್ಟು ಮಾಡಿದ್ರೆ ಗಂಟೆಗೆ 27 ಕಿ.ಮೀ. ಸಣ್ಣ ಗಾಡಿಗೆ ಒಪ್ಪೋ ವೇಗ. ಮಾಡೆಲ್ ರೈಲು ಆಟಿಕೆಯಾಗಿ ಕಾಣೋದು ಬಣ್ಣದಿಂದ ಅಲ್ಲ, ಓಟದಿಂದ. ಕೋಣೆ ದಾಟಲು ಇಪ್ಪತ್ತೊಂದು ಸೆಕೆಂಡು ಬೇಕು, ಅದಕ್ಕೇ ವಿಡಿಯೊ ಅಷ್ಟು ಉದ್ದ. "ಸ್ಪೀಡ್ ಮಾಡಿ ಹಾಕು" ಅಂದವರಿಗೆ ದೊಡ್ಡ ನಮಸ್ಕಾರ.

ಈ ತನಕ ಖರ್ಚು ಆರು ಸಾವಿರದ ನಾನೂರು. ಎಂಟು ತಿಂಗಳಿಗೆ. ಫೈನಲ್ ಇಯರ್ ಪ್ರಾಜೆಕ್ಟ್ ಅಂತ ರೆಡಿಮೇಡ್ ಡಬ್ಬಿ ತಂದು, ಬೈಂಡಿಂಗ್ ಮಾಡಿಸಿ, ವೈವಾದಲ್ಲಿ "ಸರ್ ಇದು ಸೆನ್ಸರ್" ಅನ್ನೋಕೆ ನಮ್ಮವರು ಎಷ್ಟು ಕೊಡ್ತಾರೆ ಅಂತ ನಿಮಗೇ ಗೊತ್ತು. ನಾನು ಯಾರ ಹೆಸರೂ ಹೇಳಲ್ಲ. ಆದರೆ ಸಿಟ್ಟು ಇದೆ.

7/10
ಎಡವಟ್ಟು ನಂಬರ್ ಒಂದು. ಇಂಜಿನ್ ಓಡಿಸಿದ ಮೊದಲ ದಿನ ಪ್ರತಿ ಸಲ ಹಿಂದಿನ ಗಾಲಿ ಹಳಿ ತಪ್ಪುತ್ತಿತ್ತು. ಹಳಿ ಸರಿ ಇತ್ತು, ಗಾಲಿ ಸರಿ ಇತ್ತು. ನಾಲ್ಕು ರಾತ್ರಿ ಹೋದ್ವು. ಉತ್ತರ ಸಿಕ್ಕಿದ್ದು ಆ ರೈಲ್ವೆ ಕಟ್ಟಿದವನ ತಲೆಯಲ್ಲೇ.

ಅವನ ಹೆಸರು ಎವರಾರ್ಡ್ ಕ್ಯಾಲ್ತ್ರಾಪ್. ಸಣ್ಣ ಹಳಿ ಅಂದ್ರೆ ಬಡವರ ರೈಲು, ದೊಡ್ಡ ರೈಲಿನ ಕುಗ್ಗಿಸಿದ ನಕಲು ಅಂತ ಎಲ್ಲರೂ ತಿಳಿದಿದ್ದ ಕಾಲದಲ್ಲಿ ಅವನು ಅದನ್ನು ಬೇರೆಯೇ ಯಂತ್ರ ಅಂತ ನೋಡಿದ. ಇಂಜಿನ್ ಇರಲಿ, ತುಂಬಿದ ವ್ಯಾಗನ್ ಇರಲಿ, ಯಾವ ಅಚ್ಚಿನ ಮೇಲೂ ಐದು ಟನ್ ದಾಟಬಾರದು ಅಂತ ನಿಯಮ ಹಾಕಿದ. ಭಾರ ಎಲ್ಲ ಅಚ್ಚಿಗೂ ಸಮ ಹಂಚಿದ್ರೆ ತೆಳ್ಳನೆ ಹಳಿ ಸಾಕು. ಗಜಕ್ಕೆ 30 ಪೌಂಡಿನ ಹಳಿ ಹಾಕಿದ, ಅಂದ್ರೆ ಮೀಟರ್‌ಗೆ 15 ಕೆ.ಜಿ. ಈಗಿನ ಮೇನ್‌ಲೈನ್ ಹಳಿ 52 ಅಥವಾ 60 ಕೆ.ಜಿ. ಲೀಡ್ಸ್‌ನ ಕಿಟ್ಸನ್ ಕಂಪನಿಯಲ್ಲಿ ಮಾಡಿಸಿದ ಅವನ ಮೊದಲ ಇಂಜಿನ್‌ಗಳಿಗೆ ಎಂಟು ಚಾಲಕ ಗಾಲಿ, ಹಿಂದೆ ನಾಲ್ಕು ಸಣ್ಣವು. ಗಾಡಿಯನ್ನು ಹಡಗಿಗೆ ಹತ್ತಿಸೋ ಮುಂಚೆ ಲೀಡ್ಸ್ ಹತ್ತಿರ ನ್ಯೂಲೇ ಅನ್ನೋ ಜಾಗದಲ್ಲಿ ತಾತ್ಕಾಲಿಕ ಹಳಿ ಹಾಕಿ ಎಂಜಿನಿಯರುಗಳನ್ನು ಕರೆದು ಓಡಿಸಿ ತೋರಿಸಿದ. (ಇದೇ ಮನುಷ್ಯ ಆಮೇಲೆ ವಿಮಾನದಿಂದ ಜಿಗಿಯೋಕೆ ಪ್ಯಾರಾಶೂಟ್ ಮಾಡಿದ. ಅದರ ಕಥೆ ಇನ್ನೊಮ್ಮೆ.)

ನಾನು ನಾಲ್ಕೂ ಬ್ಯಾಟರಿ ಮುಂದಿನ ತುದಿಗೆ ತುರುಕಿದ್ದೆ. ಹಿಂದಿನ ಅಚ್ಚಿನ ಮೇಲೆ ಭಾರವೇ ಇಲ್ಲ, ಅದು ಹಳಿ ಮೇಲೆ ಕೂಡೋದಾದರೂ ಯಾಕೆ? ಅವ್ವನ ಅಡುಗೆ ತಕ್ಕಡಿ ಮೇಲೆ ಒಂದೊಂದೇ ಅಚ್ಚು ಇಟ್ಟು ತೂಗಿ, ಎರಡು ಬ್ಯಾಟರಿ ಹಿಂದೆ ಹಾಕಿದೆ. ನಿಂತಿತು. 1897ರ ನಿಯಮ 2 ಕೆ.ಜಿ. ಇಂಜಿನ್ನಿಗೂ ಹೊಂದ್ತದ ಅಂತ ಯಾವ ಲೆಕ್ಚರರೂ ಹೇಳಿರಲಿಲ್ಲ.

ತಪ್ಪೊಪ್ಪಿಗೆ: ಮುತ್ಯಾನ ಕಾಲಕ್ಕೆ ಆ ಮೊದಲ ಇಂಜಿನ್‌ಗಳ ಬದಲು ಬೇರೆ, ಹೊಸ ಇಂಜಿನ್ ಬಂದಿದ್ವು. ನಾನು ಹಳೇದನ್ನೇ ಆರಿಸಿದ್ದು ಅದರ ಚಿತ್ರ ಸಿಕ್ಕಿತು ಅನ್ನೋ ಒಂದೇ ಕಾರಣಕ್ಕೆ. ಮುತ್ಯಾ ಕಂಡುಹಿಡಿದ. "ಇಂಜಿನ್ ಇದಲ್ಲ" ಅಂದ. ಇನ್ನೊಂದು ಮಾಡಬೇಕು.

8/10
ಎಡವಟ್ಟು ನಂಬರ್ ಎರಡು, ಇದು ನಮ್ಮ ಊರಿನ ಸ್ಪೆಷಲ್.

ಹಳಿ ಹಾಕಿದ್ದು ಡಿಸೆಂಬರಿನ ರಾತ್ರಿಗಳಲ್ಲಿ. ಇಪ್ಪತ್ತೆರಡು ಅಡಿ, ಒಂದೇ ಉಸಿರಿನಂಗ ನೇರ, ಎಲ್ಲೂ ಸಂದಿ ಇಲ್ಲ. ಎಷ್ಟು ಚಂದ ಇತ್ತು ಅಂದ್ರೆ ಮಲಗಿಕೊಂಡು ಒಂದು ಕಣ್ಣು ಮುಚ್ಚಿ ನೋಡ್ತಿದ್ದೆ. ಏಪ್ರಿಲ್ ಎರಡನೇ ವಾರ ಮಧ್ಯಾಹ್ನ ಮೇಲೆ ಹೋದ್ರೆ ಹಳಿ ಹಾವಿನಂಗ ಹೊರಳಿ ಮಲಗಿದೆ. ಗುಂಡುಪಿನ್ನು ಕಿತ್ತು ಬಂದಿವೆ. ಗ್ಲೂ ಗನ್ನಿನ ಅಂಟು ಚೀಪಿದ ಬಬಲ್‌ಗಮ್ ಆಗಿದೆ. ಕೋಣೆಯೊಳಗೆ 42 ಡಿಗ್ರಿ, ಮೇಲೆ ಬರೀ ಸ್ಲ್ಯಾಬು.

ಕೂತು ಅತ್ತೆ. ಆಮೇಲೆ ಪಿಯುಸಿ ಪುಸ್ತಕ ತೆಗೆದೆ. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 23 ಭಾಗ ಹಿಗ್ಗತದ. 6,700 ಮಿ.ಮೀ. ಉದ್ದ, 22 ಡಿಗ್ರಿ ವ್ಯತ್ಯಾಸ: ಮೂರೂವರೆ ಮಿ.ಮೀ. ಹತ್ತಿರ. ಅಷ್ಟೇ! ಮೂರೂವರೆ ಮಿ.ಮೀ.ಗೆ ಎರಡೂ ತುದಿ ಗೋಡೆಗೆ ತಾಗಿತ್ತು, ಹಿಗ್ಗಲು ಜಾಗ ಇಲ್ಲ, ಹಳಿ ಪಕ್ಕಕ್ಕೆ ಬೆರಳಗಲ ಉಬ್ಬಿತು. ಆ ಲೆಕ್ಕ ನಾವೆಲ್ಲ ಪರೀಕ್ಷೆಯಲ್ಲಿ ಮಾಡೀವಿ, ಐದು ಮಾರ್ಕ್ಸ್ ತಗೊಂಡೀವಿ. ನನಗೆ ಅದು ಅರ್ಥ ಆಗಿದ್ದು ಆ ಮಧ್ಯಾಹ್ನ.

ಹ್ಯಾಕ್ಸಾ ಹಿಡಿದು ನಾಲ್ಕು ನಾಲ್ಕು ಅಡಿಗೆ ಹಳಿ ಕೊಯ್ದೆ, ಕೆಳಗಿನ ಪ್ಲೈವುಡ್ಡನ್ನೂ ಕೊಯ್ದೆ. ನಾಲ್ಕು ಅಡಿಯ ಐದು ಬೋರ್ಡು, ಎರಡು ಅಡಿಯದು ಒಂದು. ನಾಲ್ಕು ಅಡಿ ಹಳಿ ಅಷ್ಟೇ ಬಿಸಿಗೆ ಹಿಗ್ಗೋದು ಮಿ.ಮೀ.ನ ಮುಕ್ಕಾಲಿಗೂ ಕಡಿಮೆ, ಒಂದು ಮಿ.ಮೀ. ಸಂದಿ ಬಿಟ್ರೆ ಸಾಕು. ಈಗ ಗಾಡಿ ಹೋಗುವಾಗ ಸಂದಿ ಬಂದಲ್ಲೆಲ್ಲ ಟಕ್ ಟಕ್ ಅಂತದ. ನೇರ ಹಳಿಯಲ್ಲಿ ಆ ಸದ್ದು ಇರಲಿಲ್ಲ. ಅದೇ ವಿಡಿಯೊದಲ್ಲಿ ನಿಮಗೆಲ್ಲ ಇಷ್ಟ ಆಗಿದ್ದು, ನೀವೇ ಬರೆದೀರಿ.

9/10
ವಂದೇ ಭಾರತ್ ಪ್ರಶ್ನೆಗೆ ಬರ್ತೀನಿ. ನನಗೆ ಅದರ ಮೇಲೆ ಕೋಪ ಇಲ್ಲ, ನಮ್ಮ ಸ್ಟೇಷನ್ನಿನಲ್ಲಿ ನಿಂತು ನಾನೂ ಫೋಟೊ ಹೊಡ್ಕೊಂಡೀನಿ. ಬೀದರ್ ಸಾಲು 2017ರಲ್ಲಿ ಪೂರ್ತಿ ಆದಾಗ ಕಮಲಾಪುರದವರು ಹಳಿ ನೋಡೋಕೆ ಹೋದಂಗ ನಾನೂ ಹೋಗೀನಿ, ಮುತ್ಯಾನ ಹೆಗಲ ಮೇಲೆ ಕೂತು. ಆದರೆ ಇರೋ ಗಾಡಿಗೆ ಮಾಡೆಲ್ ಯಾಕೆ? ಟಿಕೆಟ್ ತೆಗೆದು ಹತ್ತಬಹುದಲ್ಲ. ಬಾಗಿಲು ಎತ್ತ ತೆರೀತದ ಅಂತ ಸಂಶಯ ಬಂದ್ರೆ ಹೋಗಿ ನೋಡಬಹುದಲ್ಲ.

ಬಾರ್ಶಿಯ ಗಾಡಿಗೆ ಆ ಸವಲತ್ತು ಇಲ್ಲ. ಒಂದೆರಡು ಹಳೆ ಇಂಜಿನ್ ಎಲ್ಲೋ ಪ್ರದರ್ಶನಕ್ಕೆ ನಿಂತರೂ, ಒಳಗೆ ಕೂತವರ ಮೊಣಕಾಲು ಎದುರಿನವರಿಗೆ ತಾಗ್ತಿತ್ತೋ ಇಲ್ಲವೋ ಅನ್ನೋದು ಇಂಜಿನ್ನಿಗೆ ಗೊತ್ತಿಲ್ಲ. ಗೊತ್ತಿರೋರು ಕಮಲಾಪುರದ ಕಟ್ಟೆ ಮೇಲೆ, ನಿಮ್ಮ ಆಳಂದ, ಅಫಜಲಪುರ, ಚಿಂಚೋಳಿಯ ಮನೆಗಳಲ್ಲಿ ಕೂತಾರ. ಅವರಿಗೂ ಮರೀಲಿಕತ್ತದ. ನನ್ನ ಗೆಳತಿಯ "ಏನ್ ಆಗ್ತದ"ಕ್ಕೆ ನನ್ನ ಹತ್ತಿರ ಇರೋ ಉತ್ತರ ಇದೊಂದೇ: ಎಂಟು ತಿಂಗಳಲ್ಲಿ ಮುತ್ಯಾನ ಜೊತೆ ನಾನು ಹಿಂದಿನ ಹದಿನೆಂಟು ವರ್ಷಕ್ಕಿಂತ ಜಾಸ್ತಿ ಮಾತಾಡೀನಿ. ಸಾಲದಾ?

ಇನ್ನು ಕೆಲವರು ಹೇಳಿದ್ರಿ, ಕಂಪ್ಯೂಟರಲ್ಲೇ ಥ್ರೀಡಿ ಮಾಡು, ಜಾಗ ಬೇಡ, ಖರ್ಚಿಲ್ಲ. ಅರ್ಧ ಒಪ್ತೀನಿ. ನಕ್ಷೆ ನಾನೂ ಕಂಪ್ಯೂಟರಲ್ಲೇ ಬರೆದದ್ದು. ಆದರೆ ಮುತ್ಯಾ ಲ್ಯಾಪ್‌ಟಾಪ್ ಕಡೆ ನೋಡಿ ಹೂಂ ಅಂದು ಸುಮ್ಮನಾದ. ಡಬ್ಬಿಯನ್ನು ಕೈಗೆ ಕೊಟ್ಟಾಗ ತಿರುಗಿಸಿ ಅದರ ಕೆಳಗೆ ನೋಡಿದ.

10/10
ಅಪ್ಪನ ಕಡೆಯೂ ಹೇಳಬೇಕಲ್ಲ. ಅವನು ವಿಲನ್ ಅಲ್ಲ. ತಂಗಿಯ ಕಾಲೇಜು ಫೀಸು ಈ ವರ್ಷವೇ, ಕೋಚಿಂಗಿಗೆ ಬರೋ ಹುಡುಗರು ಕೋಣೆ ಹುಡುಕ್ತಾ ಗಲ್ಲಿ ಗಲ್ಲಿ ತಿರುಗ್ತಾರ. ಮೊನ್ನೆ ಟೇಪ್ ಹಿಡಿದು ಮೇಲೆ ಬಂದ. ಗೋಡೆಗೆ ಪೆನ್ಸಿಲ್ಲಿನಿಂದ ಗೆರೆ ಹಾಕಿದ. ನಾಲ್ಕು ಕಾಟು ಹಿಡೀತಾವ. ನನ್ನ ಟೇಬಲ್ಲಿನ ಕಡೆ ನೋಡಿ ಏನೂ ಅನ್ನದೆ ಇಳಿದು ಹೋದ.

ನಾನೂ ಟೇಪ್ ತಗೊಂಡೆ. ಬ್ರ್ಯಾಕೆಟ್ ಹೊಡೆದು ಆರೂವರೆ ಅಡಿ ಎತ್ತರಕ್ಕೆ ಗೋಡೆಗುಂಟ ಹಲಗೆ ಹಾಕಿದ್ರೆ ಆರೂ ಬೋರ್ಡು ಮೇಲೆ ಕೂಡ್ತಾವ, ಕೆಳಗೆ ಕಾಟು ಬರ್ತಾವ. ಹುಡುಗರ ತಲೆ ಮೇಲೆ ಪಂಢರಪುರದ ಗಾಡಿ ಓಡಲಿ, ಓದೋವಾಗ ಟಕ್ ಟಕ್ ಅಂತ. ಅಪ್ಪ "ನೋಡಮು" ಅಂದ. ನಮ್ಮ ಮನೆಯಲ್ಲಿ "ನೋಡಮು" ಅಂದ್ರೆ ಮುಕ್ಕಾಲು ಹೌದು.

ಆದರೆ ಆರೂವರೆ ಅಡಿ ಮೇಲಿದ್ರೆ ಮುತ್ಯಾನಿಗೆ ಕಾಣಲ್ಲ. ಅವನು ಮೆಟ್ಟಿಲು ಹತ್ತೋದೇ ಕಷ್ಟ. ಒಂದು ರಾತ್ರಿ ಇದೇ ಯೋಚನೆ. ಬೆಳಿಗ್ಗೆ ಹೊಳೀತು: ಬಿಸಿಲಿಗೆ ಹೆದರಿ ಕೊಯ್ದ ಬೋರ್ಡು ಬಿಚ್ಚಿಕೊಂಡೇ ಹೋಗಬಹುದಲ್ಲ.

ಭಾನುವಾರ ಮೂರನೇ ಬೋರ್ಡು, ಅಂದ್ರೆ ಪ್ಲಾಟ್‌ಫಾರ್ಮ್ ಇರೋದು, ಹಳೆ ಬೆಡ್‌ಶೀಟಿನಲ್ಲಿ ಸುತ್ತಿ ಹುಮನಾಬಾದ್ ಬಸ್ಸು ಹತ್ತಿದೆ. ರೈಲಿನ ಟೈಮ್ ಹೊಂದಲಿಲ್ಲ, ನಗಬ್ಯಾಡ್ರಿ. ಕಂಡಕ್ಟರ್ ಕಾಕಾ "ಏನದು?" ಅಂದ್ರು. "ರೈಲ್ವೆ ಸ್ಟೇಷನ್" ಅಂದೆ. ಅರ್ಧ ಲಗೇಜ್ ಟಿಕೆಟ್ ಹರಿದು, ಹಿಂದಿನ ಸೀಟಿನಲ್ಲಿ ಒಬ್ಬರನ್ನು ಎಬ್ಬಿಸಿ ಜಾಗ ಮಾಡಿಕೊಟ್ರು.

ಕೊನೆಯ ಫೋಟೊ ಅದೇ. ಕಟ್ಟೆ ಮೇಲೆ ಬೋರ್ಡು, ಪಕ್ಕದಲ್ಲಿ ಆಯಿ ಇಟ್ಟ ಕೆಂಪು ಬಾಳೆಹಣ್ಣು, ಎರಡೂ ಡಬ್ಬಿ. ಮುತ್ಯಾ ಅಡ್ಡ ಸೀಟಿನ ಡಬ್ಬಿಯ ಬಾಗಿಲನ್ನು ಉಗುರಿನಿಂದ ಒಳಗೆ ನೂಕಿ, "ಕಿಡಕಿ ಯಾವ್ದು?" ಅಂತ ಆಯಿಗೆ ಕೇಳ್ತಿದಾನೆ. ಆಯಿ ಮೂರನೇದನ್ನು ತೋರಿಸ್ತಿದಾಳೆ.

ಆ ಕಿಡಕಿಗೆ ಸರಳು ಎಷ್ಟಿದ್ವು ಅಂತ ಇಬ್ಬರಿಗೂ ಒಮ್ಮತ ಇಲ್ಲ. ಮೂರು ಅಂತಾನ ಅವನು, ಐದು ಅಂತಾಳ ಇವಳು. ನಿಮ್ಮ ಮನೆಯವರನ್ನು ಕೇಳಿ ಹೇಳ್ರಿ, ಮುಂದಿನ ಭಾನುವಾರದೊಳಗೆ ತಂತಿ ಕತ್ತರಿಸಬೇಕು.

#ಪಂಢರಪುರದಗಾಡಿ #ಜೇವರ್ಗಿಕಾಲೋನಿ #ನ್ಯಾರೋಗೇಜ್